ನಾನೂ ನನ್ನ ಲಿಮಿಟೆಡ್ಡೂ

ಲಂಡನ್ನಿನ ಬ್ಯಾಂಕುಗಳಲ್ಲಿ ದಿನಗೂಲಿಗೆ ಕೋಡ್ ಬರೆಯುವ ಕನ್ನಡಿಗರು ಸ್ಲೌ, ರೆಡಿಂಗ್ ಕಡೆ ಬೇಕಾದಷ್ಟು ಸಿಗುತ್ತಾರೆ. ದಿನಗೂಲಿ ಎಂದರೆ ಸಿಟ್ಟಾಗುತ್ತಾರೆ. ಡೇ ರೇಟ್ ಅನ್ನಬೇಕು. 2021ರವರೆಗೆ ಬಹುಪಾಲು ಎಲ್ಲರೂ ಒಂದೊಂದು ಲಿಮಿಟೆಡ್ ಕಂಪನಿಯ ಡೈರೆಕ್ಟರುಗಳಾಗಿದ್ದರು. ಏಜೆನ್ಸಿಯವರಿಗೆ ಬರೀ ಮನುಷ್ಯ ಸಾಲುತ್ತಿರಲಿಲ್ಲ, ಕರಾರಿಗೆ ಕಂಪನಿಯೇ ಬೇಕಿತ್ತು. ಖಾಯಂ ವಾಸದ ಪರವಾನಗಿ ಕೈಗೆ ಬಂದದ್ದೇ ತಡ, ನಾನೂ ಒಂದು ಕಂಪನಿ ಹುಟ್ಟಿಸಿದೆ.

ಕಾರ್ಡಿಫ್‌ನ ಕಂಪನೀಸ್ ಹೌಸ್‌ಗೆ ಆನ್‌ಲೈನ್ ಅರ್ಜಿ, ಆಗಿನ್ನೂ 12 ಪೌಂಡ್ ಶುಲ್ಕ. 2024ರ ಮೇ ತಿಂಗಳಲ್ಲಿ ಅದನ್ನು 50ಕ್ಕೆ ಏರಿಸಿದರು. ಕಷ್ಟವಾದದ್ದು ನಾಮಕರಣ. ಕಾವೇರಿ ಹೆಸರಿಡೋಣವೆಂದು ಹುಡುಕಿದರೆ, ಇಲ್ಲೂ ಅದು ಬೇರೆಯವರ ಪಾಲಾಗಿತ್ತು. ಕೊನೆಗೆ ಮನೆದೇವರೇ ಗತಿ.

ಪ್ರಮಾಣಪತ್ರದ ಜೊತೆಗೇ ಅಕೌಂಟೆಂಟ್ ಮೊದಲ ಪಾಠ ಹೇಳಿದ: ‘ಕಂಪನಿಯ ದುಡ್ಡು ನಿನ್ನ ದುಡ್ಡಲ್ಲ.’ ದುಡಿಯುವವನು ನಾನು, ಇನ್‌ವಾಯ್ಸ್ ಕಳಿಸುವವನು ನಾನು, ದುಡ್ಡು ಮಾತ್ರ ಅವಳದು. (ನನ್ನ ಮನಸ್ಸಿನಲ್ಲಿ ಕಂಪನಿ ಹೆಣ್ಣೇ.) ಮನುಷ್ಯ ಬೇರೆ, ಕಂಪನಿ ಬೇರೆ ಎಂಬ ಈ ತತ್ವಕ್ಕೆ ಮೂಲಪುರುಷ ಅರಾನ್ ಸಾಲೊಮನ್ ಎಂಬ ಬೂಟು ತಯಾರಕ. ಹೆಂಡತಿ, ಐವರು ಮಕ್ಕಳಿಗೆ ತಲೆಗೊಂದು ಷೇರು ಕೊಟ್ಟು, 20,001 ಷೇರು ತಾನಿಟ್ಟುಕೊಂಡಿದ್ದ. ಕಂಪನಿ ಮುಳುಗಿತು. ಆತನೂ ಕಂಪನಿಯೂ ಬೇರೆ ಬೇರೆ ವ್ಯಕ್ತಿಗಳು, ಅದರ ಸಾಲಕ್ಕೆ ಆತ ಹೊಣೆಯಲ್ಲ ಎಂದು 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನ್ಯೂಜಿಲೆಂಡಿನ ಲೀ ಎಂಬಾತ ಇನ್ನೂ ಒಂದು ಹೆಜ್ಜೆ ಮುಂದೆ. ಹೊಲಗಳ ಮೇಲೆ ವಿಮಾನದಿಂದ ಗೊಬ್ಬರ ಚೆಲ್ಲುವ ಕಂಪನಿ ಆತನದು. ತಾನೇ ಧಣಿ, ತಾನೇ ಪೈಲಟ್. 1956ರಲ್ಲಿ ವಿಮಾನ ಬಿದ್ದು ತೀರಿಕೊಂಡ. ಧಣಿಯಾದ ಲೀ ನೌಕರನಾದ ಲೀಯನ್ನು ನೇಮಿಸಿಕೊಳ್ಳಲು ಅಡ್ಡಿಯೇನಿಲ್ಲ, ವಿಧವೆಗೆ ಕಾರ್ಮಿಕ ಪರಿಹಾರ ಸಲ್ಲಬೇಕು ಎಂದಿತು ಪ್ರಿವಿ ಕೌನ್ಸಿಲ್.

ಹೀಗೆ ನಾನೂ ಎರಡಾದೆ. ಡಿವಿಡೆಂಡ್ ಬೇಕೆನಿಸಿದ ದಿನ ರಾತ್ರಿ ಊಟದ ತಟ್ಟೆ ಸರಿಸಿ ಬೋರ್ಡ್ ಮೀಟಿಂಗ್. ಅಧ್ಯಕ್ಷತೆ: ನಾನು. ಹಾಜರಿ: ನಾನು. ಕ್ಷಮೆ ಕೋರಿ ಗೈರಾದವರು: ಯಾರೂ ಇಲ್ಲ. ಲಾಭಾಂಶ ಹಂಚಬೇಕೆಂದು ನಾನು ಸೂಚಿಸಿ, ಕಂಪನಿಯ ಆರ್ಥಿಕ ಸ್ಥಿತಿಯನ್ನು ನಾನೇ ಗಂಭೀರವಾಗಿ ಪರಿಶೀಲಿಸಿ, ಸರ್ವಾನುಮತದಿಂದ ಒಪ್ಪಿ, ಸಹಿ ಹಾಕುತ್ತಿದ್ದೆ. ಇದನ್ನೆಲ್ಲ ಬಿಟ್ಟು ಸುಮ್ಮನೆ ದುಡ್ಡೆತ್ತಿಕೊಂಡರೆ ಅದು ಡೈರೆಕ್ಟರನ ಸಾಲ. ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳಾದರೂ ತೀರಿಸದಿದ್ದರೆ ಅದರ ಸುಮಾರು ಮೂರನೇ ಒಂದು ಪಾಲಿನಷ್ಟು ತೆರಿಗೆ ಕಟ್ಟಬೇಕು, ಅದೂ ಸಾಲ ಕೊಟ್ಟ ಪಾಪದ ಕಂಪನಿ! ಸಾಲ ತೀರಿಸಿದ ಮೇಲೆ ವಾಪಸು ಕೊಡುತ್ತಾರಂತೆ, ಅವಸರವಿಲ್ಲದೆ.

ಹೆಂಡತಿಗೂ ಅರ್ಧ ಷೇರು ಬರೆದಿದ್ದೆ. ಇಂಥದ್ದೇ ಏರ್ಪಾಡು ಮಾಡಿಕೊಂಡಿದ್ದ ಜೋನ್ಸ್ ದಂಪತಿಯ ಮೇಲೆ ತೆರಿಗೆ ಇಲಾಖೆ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ 2007ರಲ್ಲಿ ಸೋತ ಧೈರ್ಯ ಬೆನ್ನಿಗಿತ್ತು. ಷೇರುದಾರಳಾದ ಮೇಲೆ ಇವಳ ಗತ್ತೇ ಬೇರೆ. ಅಡುಗೆಮನೆಯಿಂದಲೇ ಸೌಟು ಹಿಡಿದು, ‘ಈ ಸಲ ಡಿವಿಡೆಂಡ್ ಯಾಕೆ ಕಮ್ಮಿ?’ ಎಂದು ಆಡಳಿತ ಮಂಡಳಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಕಂಪನಿಯ ವಾರ್ಷಿಕ ಪಾರ್ಟಿಗೆ ತಲೆಗೆ 150 ಪೌಂಡ್‌ವರೆಗೆ ತೆರಿಗೆಯಿಲ್ಲ. ಷರತ್ತೆಂದರೆ ಎಲ್ಲ ಸಿಬ್ಬಂದಿಗೂ ಆಹ್ವಾನವಿರಬೇಕು. ಡಿಸೆಂಬರಿನಲ್ಲಿ ನಾನು ಸಮಸ್ತ ಸಿಬ್ಬಂದಿಗೆ ಇಮೇಲ್ ಕಳಿಸಿ, ಸಿಬ್ಬಂದಿಯ ಪರವಾಗಿ ಧನ್ಯವಾದ ಹೇಳಿ, ಹೆಂಡತಿಯ ಜೊತೆ ಮಸಾಲೆ ದೋಸೆಗೆ ಹೋಗುತ್ತಿದ್ದೆ. 150 ಪೌಂಡಿನ ದೋಸೆ ತಿನ್ನುವುದು ಇಬ್ಬರಿಂದಲೂ ಆಗಲಿಲ್ಲ.

ಸಾಲೊಮನ್ ತೀರ್ಪು ಶುದ್ಧ ಉಡುಪಿಯದು: ಜೀವ ಬೇರೆ, ಕಂಪನಿ ಬೇರೆ, ಭೇದ ನಿತ್ಯ. ತೆರಿಗೆ ಇಲಾಖೆ ಮಾತ್ರ ಶೃಂಗೇರಿ ಕಡೆಯದು. 1999ರ ಬಜೆಟ್ಟಿನ ಹೊತ್ತಿಗೆ ಹೊರಬಿದ್ದ 35ನೇ ಪತ್ರಿಕಾ ಪ್ರಕಟಣೆಯಿಂದ ಐಆರ್35 ಎಂಬ ಹೆಸರು ಪಡೆದ ನಿಯಮದ ಪ್ರಕಾರ, ಶುಕ್ರವಾರ ಕೆಲಸ ಬಿಟ್ಟು ಸೋಮವಾರ ಅದೇ ಕುರ್ಚಿಗೆ ಕಂಪನಿಯ ಹೆಸರಲ್ಲಿ ಬಂದು ಕೂತರೆ, ಆ ಕಂಪನಿ ಬರೀ ಮಿಥ್ಯೆ, ನೀನು ನೌಕರನೇ. ನೌಕರನಲ್ಲ ಎನ್ನಲು ಒಂದು ಪುರಾವೆ, ನಿನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸುವ ಹಕ್ಕು. ನನ್ನ ಕರಾರಿನಲ್ಲೂ ಅದಿತ್ತು. ಬೇಕಾದರೆ ಭಾವಮೈದನನ್ನು ಕಳಿಸಬಹುದಿತ್ತು. ಬ್ಯಾಂಕಿನ ಪುಣ್ಯ, ಕಳಿಸಲಿಲ್ಲ. ಇನ್ನು ನಮ್ಮ ಅಕೌಂಟೆಂಟ್ ಮೇಲುಕೋಟೆಯವನು: ಒಂದೇ ಆದರೂ ವಿಶೇಷವುಂಟು ಎನ್ನುತ್ತಾ ನನ್ನ ಲೆಕ್ಕಕ್ಕೊಂದು, ಕಂಪನಿಯ ಲೆಕ್ಕಕ್ಕೊಂದು ಫೀಸು ತೆಗೆದುಕೊಳ್ಳುತ್ತಿದ್ದ.

2021ರ ಏಪ್ರಿಲಿನಿಂದ ಯಾರು ನೌಕರ, ಯಾರಲ್ಲ ಎಂಬ ತೀರ್ಮಾನದ ಹೊಣೆಯನ್ನು ದೊಡ್ಡ ಖಾಸಗಿ ಗಿರಾಕಿಗಳ ತಲೆಗೇ ಕಟ್ಟಿದರು. ನಾನಿದ್ದ ಬ್ಯಾಂಕು ತಲೆನೋವೇ ಬೇಡವೆಂದು ಲಿಮಿಟೆಡ್‌ಗಳನ್ನೆಲ್ಲ ಸಾರಾಸಗಟಾಗಿ ಕೈಬಿಟ್ಟಿತು. ಕಂಪನಿ ಮುಚ್ಚಲು ಡಿಎಸ್01 ಎಂಬ ಅರ್ಜಿ. ಅದರ ಪ್ರತಿಯನ್ನು ಏಳು ದಿನದೊಳಗೆ ನೌಕರರಿಗೆ, ಷೇರುದಾರರಿಗೆ ಮುಟ್ಟಿಸಬೇಕು. ಎರಡೂ ಪಾತ್ರದಲ್ಲಿ ನಾನೇ ಸ್ವೀಕರಿಸಿ ಯಾವ ತಕರಾರೂ ಇಲ್ಲ ಎಂದೆ. ಇನ್ನೊಂದು ಪ್ರತಿಯನ್ನು ಹೆಂಡತಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿ, ‘ಗೆಜೆಟ್ಟಿನಲ್ಲಿ ಬಂದ ಮೇಲೆ ಆಕ್ಷೇಪಣೆಗೆ ಎರಡು ತಿಂಗಳು ಟೈಮಿದೆಯಲ್ಲ, ಯೋಚನೆ ಮಾಡಿ ಹೇಳ್ತೀನಿ’ ಎಂದಳು.