ಲಾಗ ಮೀಮಾಂಸೆ

'ಲಾಗ್' ಶಬ್ದದ ಮೂಲದ ಬಗ್ಗೆ ಸರ್ವರ್ ಕೋಣೆಯ ಪಂಡಿತರಲ್ಲಿ ಎರಡು ಮತಗಳಿವೆ. 'ಲಾಗಾಯ್ತು' ಸವೆದು ಲಾಗ್ ಆಯಿತೆಂದು ಒಂದು ಪಕ್ಷ. ಹಿಂದಿನ ಚೆಕ್‌ಪಾಯಿಂಟ್ ಲಾಗಾಯ್ತು ನಡೆದದ್ದೆಲ್ಲ ಅದರಲ್ಲಿರುತ್ತದಷ್ಟೆ. ಅದನ್ನು ಅಳಿಸಿದವನು ಹಾಕುವ ಲಾಗದಿಂದಲೇ ಆ ಹೆಸರು ಬಂತೆಂದು ಇನ್ನೊಂದು. ಎರಡನೆಯದಕ್ಕೆ ಪ್ರತ್ಯಕ್ಷ ಪ್ರಮಾಣ ಹೆಚ್ಚು.

ಮೊದಲು ಕಿರ್ದಿ, ಆಮೇಲೆ ಖಾತೆ ಎಂಬುದು ಅಂಗಡಿ ಶೆಟ್ಟರಿಗೆಲ್ಲ ಗೊತ್ತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸೂ ಇದೇ ಸಂಪ್ರದಾಯದ್ದು. ಬದಲಾವಣೆಯನ್ನು 'ವಾಲ್' ಎಂಬ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿಗೆ ಇಳಿದ ಮೇಲೆಯೇ ಕಮಿಟ್ ಆಯಿತೆನ್ನುತ್ತದೆ; ಖಾತೆಯ ಪುಟಗಳನ್ನು ಬಿಡುವಾದಾಗ ತಿದ್ದುತ್ತದೆ; ಹಾಗೆ ತಿದ್ದಿ ಮುಗಿಸಿದ ಗುರುತೇ ಚೆಕ್‌ಪಾಯಿಂಟ್. ನಡುವೆ ಕರೆಂಟು ಹೋದರೆ ಕಿರ್ದಿ ಓದಿ ಖಾತೆ ಸರಿಮಾಡಿಕೊಳ್ಳುತ್ತದೆ. ಒಂದೊಂದು ಫೈಲು ಸಾಮಾನ್ಯವಾಗಿ 16 ಎಂಬಿ. ಹೆಸರು 24 ಅಕ್ಷರ, ಬಹುಪಾಲು ಸೊನ್ನೆ. ಆ ಸೊನ್ನೆಗಳನ್ನು ಕಂಡೇ ಪಾಮರರು ಒಳಗೇನಿಲ್ಲವೆಂದು ಬಗೆದಿರಬೇಕು.

ಈ ಕಿರ್ದಿಯ ಫೋಲ್ಡರಿಗೆ ಮೊದಲು 'ಪಿಜಿ_ಎಕ್ಸ್‌ಲಾಗ್' ಎಂದೇ ಹೆಸರು. 'ಲಾಗ್ ತಾನೇ' ಎಂದು ಜನ ಅಳಿಸುತ್ತಿದ್ದರಿಂದ 2017ರ 10ನೇ ಆವೃತ್ತಿಯಲ್ಲಿ 'ಪಿಜಿ_ವಾಲ್' ಎಂದು ಮರುನಾಮಕರಣವಾಯಿತು. ಕೂಸು ಉಳಿಯಲೆಂದು ತಿಪ್ಪ, ಗುಂಡ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿಯರ ಶಾಸ್ತ್ರ ಇಲ್ಲಿ ತಲೆಕೆಳಗು: ಕಸದ ಹೆಸರಿಟ್ಟದ್ದೇ ಕೂಸಿಗೆ ಮುಳುವಾಯಿತು.

ಇನ್ನು ಉದಾಹರಣೆ. ರಾತ್ರಿ ಎರಡೂವರೆ. ಡಿಸ್ಕ್ ನೂರಕ್ಕೆ ನೂರು ತುಂಬಿ, ಡೇಟಾಬೇಸ್ ಪ್ಯಾನಿಕ್ ಎಂದು ಮಲಗಿತ್ತು.

"ಸಾರ್, 180 ಜಿಬಿ ಬರೀ ಲಾಗು. ಒರೆಸಿಬಿಡ್ಲಾ?" ಎಂದ ನಮ್ಮ ಹುಡುಗ.

"ಮೊದ್ಲು ಕೀಬೋರ್ಡಿಂದ ಕೈ ತೆಗಿ ಮಾರಾಯ."

ಲೆಕ್ಕ ಹಾಕಿದರೆ 11,520 ಫೈಲು. ಕಿರ್ದಿಯ ಮಿತಿ 1 ಜಿಬಿ ಎಂದಿತ್ತಲ್ಲ ಎಂದರೆ, ಆ ಮಿತಿ ಮದುವೆ ಕಾಗದದ ಮುಹೂರ್ತದ ಹಾಗೆ, ಅಂದಾಜು. ನಿಜವಾದ ಕಾರಣ ಒಂದು ರೆಪ್ಲಿಕೇಶನ್ ಸ್ಲಾಟ್, ಎಂದರೆ ಕಿರ್ದಿಯ ನಕಲು ಒಯ್ಯುವ ಸರ್ವರಿಗೆ ಕಾದಿರಿಸಿದ ಜಾಗ. ಯಾವುದೋ ಟೆಸ್ಟ್ ಸರ್ವರ್ ಸ್ಲಾಟ್ ಹಿಡಿದು, ತಿಂಗಳ ಹಿಂದೆಯೇ ಕಣ್ಣುಮುಚ್ಚಿತ್ತು. ನೆಂಟ ಬಂದೇ ಬರುತ್ತಾನೆಂದು ಡೇಟಾಬೇಸ್ ಮಾತ್ರ ಅಂದಿನಿಂದ ಎಲೆ ಹಾಕಿಕೊಂಡು, ಬಡಿಸುತ್ತಲೇ ಇತ್ತು. ಇದಕ್ಕೊಂದು ಮಿತಿಯ ಸೆಟ್ಟಿಂಗು 2020ರ 13ನೇ ಆವೃತ್ತಿಯಲ್ಲಿ ಬಂದಿದೆ. ಮುಟ್ಟದೆ ಬಿಟ್ಟರೆ ಅದರ ಬೆಲೆ ಮೈನಸ್ ಒಂದು, ಎಂದರೆ ಅನಂತ. ಶೂನ್ಯಕ್ಕಿಂತ ಕಡಿಮೆಯಾದದ್ದು ಅನಂತವಾಗುವ ಈ ಅದ್ವೈತವನ್ನು ಯಾವ ಆಚಾರ್ಯರೂ ಮುಟ್ಟಿಲ್ಲ.

ಸಾಸಿವೆ ಡಬ್ಬಿಯಲ್ಲಿ ಅಮ್ಮ ಬಚ್ಚಿಡುವ ನೋಟಿನಂತೆ, ಏನೂ ಇಲ್ಲದ 2 ಜಿಬಿ ಫೈಲೊಂದನ್ನು ಅದೇ ಡಿಸ್ಕಿನಲ್ಲಿ ಇಟ್ಟಿದ್ದೆ. ಅದನ್ನು ಅಳಿಸಿದೆವು. ಡೇಟಾಬೇಸ್ ಎದ್ದಿತು. ಸ್ಲಾಟ್ ಕಿತ್ತು, ಚೆಕ್‌ಪಾಯಿಂಟ್ ಕೊಟ್ಟ ಮೇಲೆ ರಾಶಿ ತಾನಾಗಿ ಕರಗಿತು.

ಬೆಳಿಗ್ಗೆ, ಸ್ಲಾಟ್ ಮಾಡಿದವರು ಯಾರೆಂಬ ವಿಚಾರಣೆ. ಸರ್ವರಿನ ಮಾತುಕತೆ ಬರೆದಿಡುವ ಸಾದಾ ಲಾಗ್ ತೆಗೆಯಲು ಹೇಳಿದೆ.

"ರಾತ್ರಿ ಅದನ್ನಾದ್ರೂ ಒರೆಸ್ಬಹುದು ಅಂದ್ರಲ್ಲ ಸಾರ್," ಎಂದ.