ಏಳನೇ ನಂಬರಿನವನನ್ನೂ ಕರೆಯಿರಿ

ಬ್ರೇಕಿಲ್ಲದ ಬೈಕು ಓಡಿಸಿ ಹೊಟ್ಟೆ ಹೊರೆದವರು ವಯಸ್ಸಾದ ಮೇಲೆ ಎಲ್ಲಿಗೆ ಹೋಗುತ್ತಾರೆ? ನನಗೆ ಗೊತ್ತಿರುವ ಯಾರನ್ನೂ ಈ ಪ್ರಶ್ನೆ ಕಾಡಿದ್ದಿಲ್ಲ. ಇಂಗ್ಲೆಂಡಿನ ಸ್ಪೀಡ್‌ವೇ ಕ್ಲಬ್ಬುಗಳನ್ನು ಕಾಡುತ್ತದೆ. ಗ್ಯಾಲರಿ ಖಾಲಿ ಹೊಡೆದ ವರ್ಷ ಇನ್ನಷ್ಟು ಕಾಡುತ್ತದೆ. ಆಗ ಕ್ಲಬ್ಬಿನವರೊಬ್ಬರು ಹಳೆಯ ವಿಳಾಸದ ಪುಸ್ತಕ ಹುಡುಕಿ ತೆಗೆದು, ಎಂದೋ ತಮ್ಮ ತಂಡದ ಬಣ್ಣ ತೊಟ್ಟು ಓಡಿಸಿದವರಿಗೆಲ್ಲ ಫೋನು ಹಚ್ಚುತ್ತಾರೆ. ‘ಮುಂದಿನ ವಾರ ಬಂದು ಹೋಗಿ, ಜನ ನಿಮ್ಮನ್ನು ಕೇಳ್ತಾ ಇದ್ದಾರೆ’ ಅನ್ನುತ್ತಾರೆ. ಜನ ಅಲ್ಲಿಯವರೆಗೆ ಕೇಳಿರುವುದಿಲ್ಲ. ಬರುತ್ತಾರಂತೆ ಅಂತ ಸುದ್ದಿಯಾದ ಮೇಲೆ ಮಾತ್ರ ನಿಜವಾಗಿಯೂ ಕೇಳತೊಡಗುತ್ತಾರೆ.

ಆಟ ಹೀಗಿದೆ. ಕೆಂಪು ಪುಡಿಗಲ್ಲು ಹಾಸಿದ ಮೊಟ್ಟೆಯಾಕಾರದ ಟ್ರ್ಯಾಕು. ನಾಲ್ವರು ಸವಾರರು, ನಾಲ್ಕು ಸುತ್ತು, ಅದೂ ಅಪ್ರದಕ್ಷಿಣೆಯಾಗಿ. 500 ಸಿಸಿ ಎಂಜಿನ್ನು, ಒಂದೇ ಗೇರು, ಪೆಟ್ರೋಲಿನ ಬದಲು ಮೆಥನಾಲು. ಬ್ರೇಕು ಇಲ್ಲ. ಕೆಟ್ಟಿದೆ ಅಂತಲ್ಲ, ಇರಕೂಡದು ಅಂತಲೇ ನಿಯಮ. ತಿರುವು ಬಂದಾಗ ಹ್ಯಾಂಡಲನ್ನು ಬಲಕ್ಕೆ ಎಳೆದು ಎಡಕ್ಕೆ ಹೋಗುತ್ತಾರೆ. ಹಿಂದಿನ ಚಕ್ರ ತನ್ನ ಪಾಡಿಗೆ ತಾನು ಹೊರಕ್ಕೆ ಜಾರುತ್ತ, ಬೇಲಿಯ ಪಕ್ಕ ನಿಂತವರ ಮುಖಕ್ಕೆ ಕೆಂಪು ಪುಡಿ ಎರಚುತ್ತದೆ. ಎಡಗಾಲ ಬೂಟಿಗೆ ಕಟ್ಟಿದ ಉಕ್ಕಿನ ತಳ ನೆಲವನ್ನು ಉಜ್ಜಿಕೊಂಡು ಹೋಗುತ್ತದೆ. ಸುಮಾರು ಒಂದು ನಿಮಿಷಕ್ಕೆ ಎಲ್ಲ ಮುಗಿಯಿತು. ಗೆದ್ದವನಿಗೆ 3 ಅಂಕ, ಆಮೇಲಿನವರಿಗೆ 2 ಮತ್ತು 1, ಕೊನೆಯವನಿಗೆ ಸೊನ್ನೆ. ಇಂಥ ಓಟವನ್ನು ಹೀಟ್ ಅನ್ನುತ್ತಾರೆ. ಒಂದು ಪಂದ್ಯಕ್ಕೆ 15 ಹೀಟು.

ಗಣಿತದಲ್ಲಿ ಹಿಂದಿದ್ದ ನನಗೂ ಇಲ್ಲಿ ಒಂದು ಲೆಕ್ಕ ಹೊಳೆಯಿತು. ಹದಿನೈದು ಹೀಟು ಅಂದರೆ ಸುಮಾರು ಕಾಲು ಗಂಟೆಯ ಆಟ. ಸಂಜೆಯೋ ಎರಡು ಗಂಟೆಗೂ ಮೀರಿದ್ದು. ಉಳಿದ ಹೊತ್ತೆಲ್ಲ ಟ್ರ್ಯಾಕ್ಟರು ನೆಲ ಹದ ಮಾಡುವುದನ್ನು ನೋಡಬೇಕು. ಆಮೇಲೆ ಸವಾರರು ಬಂದು, ಹೊರಡುವ ಗೆರೆಯ ಹತ್ತಿರ ತಮಗೆ ಬೇಕಾದ ಹಾಗೆ ಬೂಟುಗಾಲಿನಿಂದ ಮಣ್ಣು ಕೆದರಿ ಗುಂಡಿ ಮಾಡಿಕೊಳ್ಳುವುದನ್ನು ನೋಡಬೇಕು. ಇದಕ್ಕೆ ಅವರಲ್ಲಿ ತೋಟಗಾರಿಕೆ ಎಂದೇ ಹೆಸರು. ರೆಫರಿ ಗದರುವವರೆಗೂ ತೋಟಗಾರಿಕೆ ನಡೆಯುತ್ತದೆ.

ಈ ಖಾಲಿ ಹೊತ್ತಿನ ಬೆಲೆ ಮೊದಲು ಅರಿತವನು ಜಾನಿ ಹಾಸ್ಕಿನ್ಸ್. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಈತ 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡ್ ಎಂಬ ಊರಿನ ಜಾತ್ರೆ ಮೈದಾನದಲ್ಲಿ ಬೈಕು ಓಟ ನಡೆಸಿ ದುಡ್ಡು ಎತ್ತಿದ. ಐದು ವರ್ಷದಲ್ಲಿ ಹುಚ್ಚು ಇಂಗ್ಲೆಂಡಿಗೆ ಹಬ್ಬಿತು. 1928ರ ಫೆಬ್ರವರಿ 19ರಂದು ಲಂಡನ್ನಿನ ಅಂಚಿನ ಎಪಿಂಗ್ ಕಾಡಿನಲ್ಲಿ, ಹೈ ಬೀಚ್ ಎಂಬಲ್ಲಿ, ಒಂದು ಪಬ್ಬಿನ ಹಿಂದಿನ ಬಯಲಿಗೆ ಹತ್ತಾರು ಸಾವಿರ ಜನ ನುಗ್ಗಿದರು. ಹಾಸ್ಕಿನ್ಸನೂ ಇಂಗ್ಲೆಂಡಿಗೆ ಬಂದು ಕ್ಲಬ್ಬುಗಳ ಯಜಮಾನಿಕೆ ವಹಿಸಿದ. ಓಟಗಳ ನಡುವೆ ಜನ ಆಕಳಿಸಬಾರದು ಅಂತ ಅವನು ಮಾಡಿಕೊಂಡ ಉಪಾಯಗಳಲ್ಲಿ ಒಂದು, ತನ್ನದೇ ಸವಾರರಿಂದ ತನ್ನ ಹ್ಯಾಟಿಗೆ ಬೆಂಕಿ ಹಚ್ಚಿಸಿಕೊಳ್ಳುವುದು. ಯಜಮಾನನ ಹ್ಯಾಟು ಉರಿಯುವುದನ್ನು ನೋಡಲು ಯಾರಿಗೆ ತಾನೇ ಬೇಸರ? ಇಂದಿನ ಯಜಮಾನರಲ್ಲಿ ಹ್ಯಾಟು ಹಾಕುವವರೇ ಕಡಿಮೆ. ಅದಕ್ಕೇ ಹಳೆಯ ಸವಾರರನ್ನು ಕರೆಸುತ್ತಾರೆ ಅಂತ ನನ್ನ ಗುಮಾನಿ.

ನಾನು ಈ ಆಟ ನೋಡಿದ್ದು ಮ್ಯಾಂಚೆಸ್ಟರಿನಲ್ಲಿ, ಅಣ್ಣನ ಮಗಳ ಮನೆಗೆ ಹೋಗಿದ್ದಾಗ. ‘ಚಿಕ್ಕಪ್ಪಾ, ಮ್ಯೂಸಿಯಮ್ಮು ನಾಳೆಯೂ ಇರತ್ತೆ, ಇದು ಸೋಮವಾರ ಮಾತ್ರ’ ಅಂತ ಅವಳು ಬೆಲ್ ವ್ಯೂಗೆ ಕರೆದೊಯ್ದಳು. ಒಂದು ಕಾಲಕ್ಕೆ ಬೆಲ್ ವ್ಯೂನಲ್ಲಿ ಮೃಗಾಲಯವಿತ್ತು, ಅದರ ಪಕ್ಕದಲ್ಲೇ ಹೈಡ್ ರೋಡ್ ಕ್ರೀಡಾಂಗಣ. ಹುಲಿ, ಆನೆಗಳು 1977ರಲ್ಲಿ ಹೋದವು, ಕ್ರೀಡಾಂಗಣ 1987ರಲ್ಲಿ ಹೋಯಿತು. ಈಗಿನದು 2016ರಲ್ಲಿ ಕಟ್ಟಿದ್ದು. ಒಳಗೆ ಕಾಲಿಟ್ಟ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯಿತು. ಎಲ್ಲೋ ಕಂಡದ್ದು, ಆದರೆ ಇಲ್ಲಿ ಇರಬಾರದ್ದು. ಹರಳೆಣ್ಣೆ! ಈ ಎಂಜಿನ್ನುಗಳಿಗೆ ಹಾಕುವ ಆಯಿಲಿನ ಮೂಲ ಹರಳೆಣ್ಣೆಯೇ. ಅದು ಕಾದು ಉರಿದಾಗ ಬರುವ ಕಂಪಿಗೆ ಅಭಿಮಾನಿಗಳು ಪ್ರಾಣ ಬಿಡುತ್ತಾರೆ. ಬಾಲ್ಯದಲ್ಲಿ ಭಾನುವಾರ ಬೆಳಿಗ್ಗೆ ಮೂಗು ಹಿಡಿದು ಅದನ್ನು ಕುಡಿಸಿಕೊಂಡ ನನಗೆ ಹೊಟ್ಟೆಯೊಳಗೆ ಸಣ್ಣದೊಂದು ಭಯ ಎದ್ದಿತು. ಪಕ್ಕದಲ್ಲಿ ಕೂತಿದ್ದ ಮುದುಕ ಮಾತ್ರ ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡ.

ಈ ಮುದುಕನ ಬಗ್ಗೆ ಹೇಳಲೇಬೇಕು. ತೊಡೆಯ ಮೇಲೆ ಕ್ಲಿಪ್ಪು ಹಚ್ಚಿದ ರಟ್ಟು, ರಟ್ಟಿನ ಮೇಲೆ ಆ ದಿನದ ಪ್ರೋಗ್ರಾಂ ಪುಸ್ತಿಕೆ. ಕಿವಿಯ ಮೇಲೊಂದು ಪೆನ್ಸಿಲು, ಜೇಬಿನಲ್ಲಿ ಬದಲಿಗೆ ಇನ್ನೊಂದು, ಕಾಲ ಬಳಿ ಫ್ಲಾಸ್ಕು. ಪುಸ್ತಿಕೆಯಲ್ಲಿ ಪ್ರತಿ ಹೀಟಿಗೂ ಚೌಕಗಳಿವೆ. ಯಾರು ಎಷ್ಟನೆಯವರು, ಯಾರು ಬಿದ್ದರು, ಯಾರ ಎಂಜಿನ್ನು ಕೈಕೊಟ್ಟಿತು ಎಂಬುದನ್ನೆಲ್ಲ ಆತ ಮುತ್ತಿನಂಥ ಅಕ್ಷರದಲ್ಲಿ ತುಂಬಿಸುತ್ತಿದ್ದ. ಆರನೆಯ ಹೀಟಿನ ಸಮಯವನ್ನು ಮೈಕಿನವನು ತಪ್ಪು ಹೇಳಿದ. ಮುದುಕ ಅದನ್ನು ಅಲ್ಲೇ ತಿದ್ದಿಕೊಂಡ, ಮೈಕಿನವನಿಗೆ ತಿಳಿಸುವ ಗೋಜಿಗೆ ಹೋಗಲಿಲ್ಲ. ಮನೆಯಲ್ಲಿ ಇಂಥ ಪುಸ್ತಿಕೆ ಎಷ್ಟಿವೆ ಅಂತ ಕೇಳಿದೆ. ‘ನನ್ನ ಹೆಂಡತಿಯ ಮುಂದೆ ಆ ಪ್ರಶ್ನೆ ಎತ್ತಬೇಡಿ’ ಅಂದ.

ನಡುವೆ ಟ್ರ್ಯಾಕ್ಟರು ಇಳಿದಾಗ ಆ ಸಂಜೆಯ ಅತಿಥಿ ನಮ್ಮ ಸಾಲಿಗೇ ಬಂದರು. ಎಪ್ಪತ್ತು ದಾಟಿದ ಮಾಜಿ ಸವಾರರು. ತಿರುವಿನಲ್ಲಿ ಬ್ರೇಕಿಲ್ಲದೆ ಜಾರಿಕೊಂಡು ಹೋಗಿ ಖ್ಯಾತಿ ಪಡೆದವರು, ನಮ್ಮ ಗ್ಯಾಲರಿಯ ಮೂರು ಮೆಟ್ಟಿಲು ಇಳಿಯಲು ಕಂಬಿ ಹಿಡಿದುಕೊಂಡರು. ಮುದುಕ ಎದ್ದು ನಿಂತ.

‘ಹ್ಯಾಲಿಫ್ಯಾಕ್ಸಿನವರ ಮೇಲೆ ಕೊನೇ ಹೀಟು, ನೆನಪಿದೆಯಾ ನಿಮಗೆ?’

‘ಮರೆಯೋದುಂಟೇ! ಹೊರಗಿನಿಂದ ಬಳಸಿಕೊಂಡು ಬಂದು ಇಬ್ಬರನ್ನೂ ಹಿಂದೆ ಹಾಕಿದೆ.’

‘ಒಳಗಿನಿಂದ. ಅದೂ ಒಬ್ಬನನ್ನೇ. ಇನ್ನೊಬ್ಬನ ಚೈನು ಮೊದಲೇ ಕಡಿದಿತ್ತು.’

‘ಹೌದೇ? ನಾನು ಮೊಮ್ಮಕ್ಕಳಿಗೆಲ್ಲ ಹೊರಗಿನಿಂದ ಅಂತಲೇ ಹೇಳಿಕೊಂಡು ಬಂದಿದ್ದೇನಲ್ಲ!’

‘ನನ್ನ ಪ್ರೋಗ್ರಾಮಿನಲ್ಲಿ ಒಳಗಿನಿಂದ ಅಂತಿದೆ. ಬೇಕಾದರೆ ಮುಂದಿನ ವಾರ ತರುತ್ತೇನೆ.’

ಸವಾರರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಅವರ ಬದುಕಿನ ದಾಖಲೆ ಇರುವುದು ಅವರ ಹತ್ತಿರವಲ್ಲ, ಈ ಮುದುಕನ ಅಟ್ಟದ ಮೇಲೆ. ಕ್ಲಬ್ಬಿನವರು ಮಾಜಿ ಸವಾರರನ್ನು ಕರೆಸುವುದು ಅಭಿಮಾನಿಗಳಿಗೆ ಸವಾರರನ್ನು ತೋರಿಸಲಿಕ್ಕೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲಿ ಕೂತು ನೋಡಿದರೆ ತೋರಿಸಿಕೊಳ್ಳುತ್ತಿದ್ದವನು ಅಭಿಮಾನಿಯೇ. ನಲವತ್ತು ವರ್ಷ ಪೆನ್ಸಿಲು ಚೂಪು ಮಾಡಿದ್ದಕ್ಕೆ ಅವತ್ತು ಅವನಿಗೊಬ್ಬ ಸಾಕ್ಷಿ ಸಿಕ್ಕಿದ್ದ.

ನಾನು ಇಂಡಿಯಾದವನು ಅಂತ ತಿಳಿದ ಮೇಲೆ ಸವಾರರು ನನ್ನ ಕಡೆ ತಿರುಗಿ, ತಾವು ಮೊದಲು ಓಡಿಸಿದ್ದು ಜಾವಾ ಅಂದರು. ನನಗೆ ಎಲ್ಲಿಲ್ಲದ ಉತ್ಸಾಹ. ನಮ್ಮ ಮೈಸೂರಿನಲ್ಲೂ 1961ರಿಂದ ಜಾವಾ ತಯಾರಾಗುತ್ತಿತ್ತು, ಆಮೇಲೆ ಅದಕ್ಕೆ ಯೆಜ್ದಿ ಅಂತ ಹೆಸರಾಯಿತು, ಕಾರ್ಖಾನೆ ಮುಚ್ಚಿದ್ದು 1996ರಲ್ಲಿ ಅಂತೆಲ್ಲ ಹೇಳಿದೆ. ಯಾದವಗಿರಿಯ ವಿಳಾಸವನ್ನೂ ಕೊಟ್ಟೆ, ಅವರು ಕೇಳದಿದ್ದರೂ. ಅವರ ಸ್ಪೀಡ್‌ವೇ ಜಾವಾ ಚೆಕೊಸ್ಲೊವಾಕಿಯಾದ ದಿವಿಶೊವ್ ಎಂಬ ಊರಿನದು. ಎಸೊ ಎಂಬ ಹೆಸರಿನಿಂದ ಶುರುವಾಗಿ 1960ರ ದಶಕದಲ್ಲಿ ಜಾವಾದೊಳಗೆ ಸೇರಿಕೊಂಡಿತು. ಆರು ಬಾರಿ ವಿಶ್ವ ಚಾಂಪಿಯನ್ ಆದ ಐವನ್ ಮೇಜರ್, ನಾಲ್ಕು ಬಾರಿಯ ಬ್ಯಾರಿ ಬ್ರಿಗ್ಸ್ ಇಬ್ಬರೂ ಆ ಬೈಕು ಓಡಿಸಿದವರೇ. ನಾನು ನಮ್ಮ ಜಾವಾದ ಕಿಕ್ಕರ್ ಕಡ್ಡಿಯೇ ಮಡಚಿದರೆ ಗೇರಿನ ಕಡ್ಡಿಯಾಗುವ ಚಮತ್ಕಾರವನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದೆ.

‘ಬ್ರೇಕ್ ಇತ್ತಾ ಅದಕ್ಕೆ?’ ಅಂದರು.

‘ಎರಡೂ ಚಕ್ರಕ್ಕೆ.’

‘ಹಾಗಾದರೆ ಅದು ಬೇರೆ ಯಾವುದೋ ಗಾಡಿ’ ಅಂತ ಚಹಾ ಕಡೆಗೆ ಹೊರಟರು.

ಈ ಸಲಿಗೆ ಈ ಆಟದ ಗುಣ. ಸವಾರ ತನ್ನ ಬೈಕು ತಾನೇ ಕೊಳ್ಳಬೇಕು, ತನ್ನ ವ್ಯಾನಿನಲ್ಲಿ ತಾನೇ ಹೇರಿಕೊಂಡು ಬರಬೇಕು. ವ್ಯಾನು ಕೆಸರಿನಲ್ಲಿ ಹೂತರೆ ತಳ್ಳುವವರು ಅಭಿಮಾನಿಗಳೇ. ಆದ್ದರಿಂದ ಮೂವತ್ತು ವರ್ಷದ ಮೇಲೆ ಸಿಕ್ಕಾಗ ಹಸ್ತಾಕ್ಷರ ಕೇಳುವುದಿಲ್ಲ, ‘ಮಂಡಿ ಹೇಗಿದೆ?’ ಅಂತ ಕೇಳುತ್ತಾರೆ. ಮಂಡಿ ಸರಿಯಿರುವ ಮಾಜಿ ಸವಾರ ಅಪರೂಪ. ಬೆಲ್ ವ್ಯೂನ ಪೀಟರ್ ಕಾಲಿನ್ಸ್ 1976ರಲ್ಲಿ ವಿಶ್ವ ಚಾಂಪಿಯನ್ ಆದವನು. ಮರುವರ್ಷ ಮುರಿದ ಕಾಲಿನಲ್ಲೇ ಫೈನಲಿಗೆ ಹೋಗಿ ಎರಡನೆಯವನಾಗಿ ಬಂದ. ಅವನೂ ಅವನ ನಾಲ್ವರು ತಮ್ಮಂದಿರೂ ಎಲ್ಲರೂ ಸವಾರರು. ಅಂಥ ಮನೆಗೆ ಒಂದು ಫೋನು ಮಾಡಿದರೆ ಕಾರ್ಯಕ್ರಮ ಅರ್ಧ ಮುಗಿದ ಹಾಗೆ. ಅದೇ ಬೆಲ್ ವ್ಯೂನ ಇನ್ನೊಬ್ಬ ಚಾಂಪಿಯನ್ ಪೀಟರ್ ಕ್ರೇವನ್ 1963ರಲ್ಲಿ ಎಡಿನ್‌ಬರೊದ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡ. ಕರೆದರೂ ಬರಲಾಗದ ಇಂಥವರ ಹೆಸರಿನಲ್ಲಿ ಸ್ಮಾರಕ ಪಂದ್ಯ ನಡೆಸುತ್ತಾರೆ, ಗಾಯಾಳು ಸವಾರರ ನಿಧಿಗೆ ಡಬ್ಬಿ ಹಿಡಿದು ದುಡ್ಡು ಕೂಡಿಸುತ್ತಾರೆ.

ಕರೆಯುವುದರಲ್ಲಿ ತೊಡಕೂ ಇದೆ: ಯಾರು ಯಾವ ಕ್ಲಬ್ಬಿನವರು? ಅಲ್ಲಿ ಪ್ರತಿ ಸವಾರನಿಗೂ ಸರಾಸರಿ ಅಂಕವಿರುತ್ತದೆ. ತಂಡದವರೆಲ್ಲರ ಸರಾಸರಿ ಕೂಡಿದರೆ ಇಂತಿಷ್ಟನ್ನು ಮೀರಕೂಡದು. ಹಾಗಾಗಿ ಈ ವರ್ಷ ಎಲ್ಲರೂ ಚೆನ್ನಾಗಿ ಓಡಿಸಿ ಕಪ್ಪು ಗೆದ್ದರೋ, ಮುಂದಿನ ವರ್ಷ ಲೆಕ್ಕ ಮೀರಿ ತಂಡ ಒಡೆಯುತ್ತದೆ. ನಿಯತ್ತಾಗಿ ಕೆಲಸ ಮಾಡಿದ ನಮ್ಮ ತಹಸೀಲ್ದಾರರಿಗೆ ವರ್ಗಾವಣೆ ಬರುವಂತೆಯೇ ಇದು. ಒಬ್ಬ ಸವಾರ ಎಂಟು ಊರು ತಿರುಗಿರುತ್ತಾನೆ, ಎಂಟೂ ಊರಿನವರು ‘ನಮ್ಮವನು’ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಹತ್ತು ವರ್ಷ ಪೂರೈಸಿದವನಿಗೆ ಒಂದು ಸಹಾಯಾರ್ಥ ಪಂದ್ಯ ನಡೆಸಿಕೊಡುವ ಪದ್ಧತಿಯಿದೆ. ಆ ದಿನ ಅವನನ್ನು ಬೇಲಿಗೆ ಒತ್ತರಿಸಿದ್ದ ಹಳೆಯ ವೈರಿಗಳೂ ಬಂದು ಅವನಿಗಾಗಿ ಓಡಿಸುತ್ತಾರೆ. ಜನಕ್ಕೆ ವೈರಿಗಳೇ ಹೆಚ್ಚು ಇಷ್ಟ ಅಂತ ಕಾಣುತ್ತದೆ.

ಇನ್ನೂ ದೊಡ್ಡ ತೊಡಕು, ಮರಳಿ ಬರಲು ಜಾಗವೇ ಇಲ್ಲದ್ದು. ಐದು ಬಾರಿ ಚಾಂಪಿಯನ್ ಆದ ಸ್ವೀಡನ್ನಿನ ಓವೆ ಫುಂಡಿನ್ ನಾರ್ವಿಚ್ಚಿನ ಕಣ್ಮಣಿ. ನಾರ್ವಿಚ್ಚಿನ ಕ್ರೀಡಾಂಗಣ 1964ರಲ್ಲೇ ಮಾರಾಟವಾಯಿತು. ಕ್ರ್ಯಾಡ್ಲಿ ಹೀತ್‌ನದು 1995ಕ್ಕೆ ಮುಗಿದು ಅಲ್ಲೀಗ ಮನೆಗಳಿವೆ. ಆ ತಂಡ ಎಷ್ಟೋ ವರ್ಷಗಳ ನಂತರ ಮತ್ತೆ ಚಿಗುರಿದಾಗ ಆಶ್ರಯ ಕೊಟ್ಟದ್ದು ಪರಮವೈರಿ ವುಲ್ವರ್‌ಹ್ಯಾಂಪ್ಟನ್ನಿನ ಅಂಗಳ. 2023ರ ಕೊನೆಗೆ ವುಲ್ವರ್‌ಹ್ಯಾಂಪ್ಟನ್ನಿಗೇ ಆ ಅಂಗಳ ತಪ್ಪಿತು. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ರೀಡಾಂಗಣ 1972ರಲ್ಲಿ ಮುಚ್ಚಿದ ಮೇಲೆ ಅಲ್ಲಿ ಎದ್ದ ಬೀದಿಗಳಿಗೆ ಸವಾರರ ಹೆಸರಿಟ್ಟರು: ವಿಲ್ಕಿನ್ಸನ್ ರೋಡ್, ಯಂಗ್ ರೋಡ್, ಕ್ರೂಂಬ್ಸ್ ರೋಡ್. ಹ್ಯಾಟು ಸುಡಿಸಿಕೊಂಡವನಿಗೂ ಹಾಸ್ಕಿನ್ಸ್ ಕ್ಲೋಸ್ ಎಂಬ ಓಣಿ ಸಿಕ್ಕಿತು. ಬ್ರೇಕಿಲ್ಲದೆ ಓಡಿದವರ ಹೆಸರಿನ ಬೀದಿಗಳಲ್ಲಿ ಈಗ ಕಾರುಗಳು ನಿಧಾನವಾಗಿ ಪಾರ್ಕಿಂಗ್ ಹುಡುಕುತ್ತವೆ.

ಪೋಲೆಂಡಿನವರು ಇನ್ನೂ ಧಾರಾಳಿಗಳು. 1990ರ ವಿಶ್ವ ಚಾಂಪಿಯನ್, ಸ್ವೀಡನ್ನಿನ ಪೆರ್ ಯೋನ್ಸನ್, ತೊರುನ್ ಎಂಬ ಊರಿನ ತಂಡಕ್ಕೆ ಓಡಿಸುತ್ತಿದ್ದಾಗ 1994ರಲ್ಲಿ ಬಿದ್ದು ಗಾಲಿಕುರ್ಚಿ ಹಿಡಿದ. ಊರಿನವರು ತಮ್ಮ ಹೊಸ ಕ್ರೀಡಾಂಗಣದ ಬೀದಿಗೆ ಅವನ ಹೆಸರಿಟ್ಟರು. ಪಂದ್ಯದ ಟಿಕೇಟಿಗೆ ಕಾಗದ ಬರೆಯುವವರೆಲ್ಲ ವಿಳಾಸದಲ್ಲಿ ಅವನನ್ನು ನೆನೆಯಲೇಬೇಕು.

ಇಪ್ಸ್‌ವಿಚ್ಚಿನದು ಮತ್ತೊಂದು ಕತೆ. ಅಲ್ಲಿ ಜಾನ್ ಲೂಯಿಸ್ ಸವಾರನಾಗಿದ್ದು ಆಮೇಲೆ ಕ್ಲಬ್ಬು ನಡೆಸಿದ, ಮಗ ಕ್ರಿಸ್ ಕೂಡ ಸವಾರನಾಗಿದ್ದು ಆಮೇಲೆ ಕ್ಲಬ್ಬಿಗೇ ಬಂದ. ಹೀಗಾಗಿ ಅವರಿಗೆ ಮಾಜಿ ಸವಾರರೆಂದರೆ ಅತಿಥಿಗಳಲ್ಲ, ಮನೆಯವರು. 2012ರಲ್ಲಿ ನಿವೃತ್ತನಾಗಿದ್ದ ಮೂರು ಬಾರಿಯ ಚಾಂಪಿಯನ್ ಜೇಸನ್ ಕ್ರಂಪ್ 2021ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಅವರ ತಂಡಕ್ಕೆ ಮತ್ತೆ ಓಡಿಸಿದ. ಕೈಬೀಸಿ ಹೋಗಲಿಕ್ಕಲ್ಲ, ನಿಜವಾಗಿ ಅಂಕ ಗಳಿಸಲಿಕ್ಕೆ. ನನ್ನ ಮನಸ್ಸು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಆ ವಯಸ್ಸಿನಲ್ಲಿ ನಾನು ಬಸ್ಸಿನ ಫುಟ್‌ಬೋರ್ಡಿನಿಂದಲೂ ಇಳಿದು ಬಂದಿದ್ದೆ.

ಆದರೆ ಚಾಂಪಿಯನ್ನರನ್ನಷ್ಟೇ ಕರೆಯುವ ಚಾಳಿ ಬಿಡಬೇಕು. ತಂಡಕ್ಕೆ ಏಳು ಜನ. ಆರು, ಏಳನೇ ನಂಬರಿನವರು ಕಾಯ್ದಿಟ್ಟ ಆಳುಗಳು. ಐವನ್ ಮೇಜರನೇ 1957ರಲ್ಲಿ ಮೊದಲ ಸಲ ವಿಂಬಲ್ಡನ್ ತಂಡಕ್ಕೆ ಬಂದಾಗ ಯಾರ ಕಣ್ಣಿಗೂ ಬೀಳದೆ, ಕ್ರೀಡಾಂಗಣದಲ್ಲೇ ಚಾಕರಿ ಮಾಡಿಕೊಂಡಿದ್ದು ವಾಪಸ್ಸು ಹೋದವನು. ಅವನು ಮರಳಿ ಬಂದು ಗೆದ್ದ; ಬಾರದವರು ಎಷ್ಟೋ. ಬೆಲ್ ವ್ಯೂನ ನನ್ನ ಪೆನ್ಸಿಲಿನ ಮುದುಕನನ್ನು, ‘ನಿಮಗೆ ಯಾರನ್ನು ನೋಡಬೇಕು?’ ಅಂತ ಕೇಳಿದಾಗ ಅವನು ಹೇಳಿದ್ದು ಯಾವ ಚಾಂಪಿಯನ್ನನ ಹೆಸರೂ ಅಲ್ಲ. ಒಂದು ಮಳೆಗಾಲದ ರಾತ್ರಿ ಮುಂದಿನ ಮೂವರೂ ಒಬ್ಬರ ಮೇಲೊಬ್ಬರು ಬಿದ್ದಾಗ, ತುಂಬ ಹಿಂದಿದ್ದ ಕಾರಣಕ್ಕೇ ಬಚಾವಾಗಿ ಗೆದ್ದ ಒಬ್ಬ ಏಳನೇ ನಂಬರಿನವನ ಹೆಸರು. ಪುಸ್ತಿಕೆಯಲ್ಲಿ ಆ 3ರ ಸುತ್ತ ಎರಡು ಗೆರೆ ಎಳೆದಿದ್ದಾನಂತೆ.

ಅವನು ಸಿಕ್ಕರೆ ತಪ್ಪದೆ ಕರೆಯಿಸಿ. ವ್ಯಾನಿನ ಪೆಟ್ರೋಲಿಗೆ ಕೊಡಿ, ಚಹಾ ಕೊಡಿ, ಮೆಟ್ಟಿಲಿಲ್ಲದ ಕಡೆ ಕುರ್ಚಿ ಹಾಕಿ. ಮೈಕು ಮಾತ್ರ ಕೊಡಬೇಡಿ. ಗೆದ್ದದ್ದು ಒಂದೇ ಓಟವಾದವರು ಅದನ್ನು ಟ್ರ್ಯಾಕ್ಟರು ಹೋದ ಮೇಲೂ ಮುಗಿಸುವುದಿಲ್ಲ.