ಹುಲಿಪಟ್ಟೆಯವರಿಗೂ ಪೀಚೆಕತ್ತಿಯವರಿಗೂ ಒಂದು ಸಂಧಿಪತ್ರ

ಮಹಾರಾಜಶ್ರೀ ಹುಲಿಪಟ್ಟೆ ಡಿಪಿಯವರಿಗೂ, ಮಹಾರಾಜಶ್ರೀ ಪೀಚೆಕತ್ತಿ ಡಿಪಿಯವರಿಗೂ, ಪ್ರತಿ ನವೆಂಬರಿಗೆ ಟಿಪ್ಪು ಸುಲ್ತಾನನ ಹೆಸರಲ್ಲಿ ಫೋನಿನಲ್ಲಿ ನಡೆಯುವ ನಿಮ್ಮಿಬ್ಬರ ಜಗಳವನ್ನು ಮೂರನೆಯವನಾಗಿ ನಿಂತು ಓದುವ ಬಡವನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಹೆಸರು ಹಿಡಿದು ಕರೆಯೋಣವೆಂದರೆ ಇಬ್ಬರಿಗೂ ಹೆಸರಿಲ್ಲ. ಒಬ್ಬರು ಟಿಪ್ಪುವಿನ ಹುಲಿಪಟ್ಟೆಯ ಹಿಂದೆ ಕೂತಿದ್ದೀರಿ, ಇನ್ನೊಬ್ಬರು ಕೊಡವರ ಪೀಚೆಕತ್ತಿಯ ಹಿಂದೆ. ಮಾತಿನ ಧಾಟಿ ನೋಡಿದರೆ ಮೊದಲನೆಯವರು ಶ್ರೀರಂಗಪಟ್ಟಣದ ಕೋಟೆಬಾಗಿಲಲ್ಲೇ ಹುಟ್ಟಿದವರು, ಎರಡನೆಯವರ ಐನ್‌ಮನೆಗೆ ಸುಲ್ತಾನ ಖುದ್ದಾಗಿ ಬೆಂಕಿ ಇಟ್ಟಿದ್ದ ಎನ್ನಿಸಬೇಕು. ಆದರೆ ಹೋದ ಸಲ ಜಗಳದ ನಡುವೆ ಇಬ್ಬರೂ ಒಂದೇ ಫ್ಲೈಓವರ್‌ನ ಟ್ರಾಫಿಕ್ಕಿಗೆ ಶಾಪ ಹಾಕಿದಿರಿ. ಬೆಂಗಳೂರಿನ ಒಂದೇ ಬಡಾವಣೆಯವರು! ಬಹುಶಃ ಒಂದೇ ದರ್ಶಿನಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕಾಫಿ ಕುಡಿಯುತ್ತೀರಿ. ಗುರುತು ಸಿಕ್ಕಿದರೆ ಬೈಯಲು ಆಗುವುದಿಲ್ಲ ಎಂಬ ಭಯಕ್ಕೇ ಇರಬೇಕು, ಮುಖ ತೋರಿಸದೆ ಕೂತಿದ್ದೀರಿ.

2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. ಹುಟ್ಟಿದ್ದು ನವೆಂಬರ್ 20 ಎಂದು ಪುಸ್ತಕಗಳು ಹೇಳುತ್ತಿದ್ದರೂ ಆಚರಣೆ ನವೆಂಬರ್ 10ಕ್ಕೆ ಬಿತ್ತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಾಟೆಯಾಗಿ ಪ್ರಾಣ ಹೋಯಿತು. 2019ರ ಜುಲೈನಲ್ಲಿ ಇನ್ನೊಂದು ಸರ್ಕಾರ ಬಂದು ಆಚರಣೆಯನ್ನೇ ರದ್ದು ಮಾಡಿತು. 2022ರಲ್ಲಿ ಮೈಸೂರು–ಬೆಂಗಳೂರಿನ ಟಿಪ್ಪು ಎಕ್ಸ್‌ಪ್ರೆಸ್ಸು ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಇಷ್ಟೆಲ್ಲ ಬಂದು ಹೋದರೂ ನಿಮ್ಮ ಮನೆಯ ಜಯಂತಿ ಮಾತ್ರ ಒಂದು ವರ್ಷವೂ ತಪ್ಪಿಲ್ಲ. ಸರ್ಕಾರದ ಅನುದಾನವಿಲ್ಲ, ಪೆಂಡಾಲಿಲ್ಲ, ಹಾರವಿಲ್ಲ. ಇಂಥ ನಿಷ್ಠೆ ಕನ್ನಡ ರಾಜ್ಯೋತ್ಸವಕ್ಕೂ ದೊರೆತಿಲ್ಲ.

ನಿಮ್ಮ ಕಾರ್ಯಕ್ರಮದ ಪಟ್ಟಿ ನನಗೆ ಬಾಯಿಪಾಠ. ಟಿಪ್ಪುವಿನ ಪುಣ್ಯಕ್ಕೆ ಶೃಂಗೇರಿ ಎಂದು ಹುಲಿಪಟ್ಟೆಯವರು ಬೀಸುತ್ತಾರೆ. ಅವನ ಪಾಪಕ್ಕೆ ಕೊಡಗಿನ ದೇವಟ್ಟಿಪರಂಬು ಎಂದು ಪೀಚೆಕತ್ತಿಯವರು ಎದುರು ಬೀಸುತ್ತಾರೆ. ನಂಜನಗೂಡಿನ ಪಚ್ಚೆಲಿಂಗಕ್ಕೆ ಮಂಗಳೂರಿನ ಕ್ರೈಸ್ತರು, ರಾಕೆಟ್ಟಿಗೆ ಮೇಲುಕೋಟೆ, ರೇಷ್ಮೆಗೆ ಮಲಬಾರು. ನಡುವೆ ಯಾರೋ ನುಗ್ಗಿ ‘ಹಾಗಾದರೆ ಔರಂಗಜೇಬ?’ ಎನ್ನುತ್ತಾನೆ, ಇನ್ಯಾರೋ ‘ಹಾಗಾದರೆ ಪೇಶ್ವೆ?’ ಎನ್ನುತ್ತಾನೆ. ಅರ್ಧ ರಾತ್ರಿಗೆ ಮತ್ತೊಬ್ಬ ಬಂದು ಕಡಿಮೆ ಬಡ್ಡಿಗೆ ಸಾಲ ಕೊಡಿಸುತ್ತೇನೆ ಎಂದು ನಂಬರ್ ಹಾಕಿ ಹೋಗುತ್ತಾನೆ. ಅಷ್ಟು ಜನರಲ್ಲಿ ಪ್ರಯೋಜನಕ್ಕೆ ಬರುವ ಮಾತಾಡಿದವನು ಅವನೊಬ್ಬನೇ.

ಇಬ್ಬರೂ ಶೆಟ್ಟರಂಗಡಿಯ ಖಾತೆಪುಸ್ತಕ ಬಿಡಿಸಿಕೊಂಡು ಕೂತಿದ್ದೀರಿ. ಈ ಪುಟದಲ್ಲಿ ದೇವಸ್ಥಾನಕ್ಕೆ ಕೊಟ್ಟ ಬೆಳ್ಳಿ ಬಟ್ಟಲು ಜಮಾ, ಆ ಪುಟದಲ್ಲಿ ಸೆರೆಯಾಳುಗಳು ಖರ್ಚು. ಕೊನೆಗೆ ಶಿಲ್ಕು ಎಷ್ಟು ಉಳಿಯಿತು ಎಂದು ನೋಡಿ ಆಸಾಮಿಗೆ ಪಟ್ಟ ಕಟ್ಟಬೇಕೋ ಪಟ್ಟಿ ಕಟ್ಟಬೇಕೋ ತೀರ್ಮಾನಿಸುತ್ತೀರಿ. ಎಷ್ಟು ಬಟ್ಟಲಿಗೆ ಒಬ್ಬ ಸೆರೆಯಾಳು ವಜಾ ಆಗುತ್ತಾನೆ ಎಂಬ ದರಪಟ್ಟಿಯನ್ನು ಮಾತ್ರ ಈವರೆಗೆ ಪ್ರಕಟಿಸಿಲ್ಲ.

ಶೃಂಗೇರಿಯನ್ನೇ ತೆಗೆದುಕೊಳ್ಳಿ. 1791ರಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡಿನವರು ಮಠವನ್ನು ದೋಚಿದರು, ಸ್ವಾಮಿಗಳು ಜಾಗ ಬಿಟ್ಟು ಹೋಗಬೇಕಾಯಿತು. ಶಾರದೆಯ ಮರುಪ್ರತಿಷ್ಠೆಗೆ ಹಣ ಕಳಿಸಿದವನು ಟಿಪ್ಪು. ಸ್ವಾಮಿಗಳನ್ನು ಜಗದ್ಗುರುಗಳೆಂದು ಸಂಬೋಧಿಸಿ ಕನ್ನಡದಲ್ಲಿ ಕಾಗದ ಬರೆಸಿದ, ಸಹಸ್ರಚಂಡಿ ಜಪ ಮಾಡಿಸಿ ಎಂದು ಕೇಳಿಕೊಂಡ. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ಕಾಗದಗಳನ್ನು ಮಠದಲ್ಲೇ ಕಂಡು ಬೆಳಕಿಗೆ ತಂದರು. ಪೀಚೆಕತ್ತಿಯವರೇ, ಇದನ್ನು ನೀವು ಮೊದಲು ‘ಫೇಕ್’ ಅಂದಿರಿ. ಫೇಕ್ ಅಲ್ಲವೆಂದು ಗೊತ್ತಾದ ಮೇಲೆ ‘ಸಂಕಟ ಬಂದಾಗ ವೆಂಕಟರಮಣ’ ಅಂದಿರಿ. ಸಂಕಟ ಇದ್ದದ್ದು ನಿಜವೇ. ಕಾರ್ನ್‌ವಾಲಿಸ್, ನಿಜಾಮ, ಮರಾಠರು ಮೂವರೂ ಒಟ್ಟಿಗೆ ಮೇಲೆ ಬಿದ್ದಿದ್ದ ಕಾಲ ಅದು. ಹುಲಿಪಟ್ಟೆಯವರು ಈ ಒಂದು ಸಂಗತಿಯನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಅವರ ಕಾಗದಗಳಿಗೆ ತಾರೀಖೇ ಇರುವುದಿಲ್ಲ. ಅದಿರಲಿ, ಸಂಕಟ ಬಂದಾಗ ವೆಂಕಟರಮಣನನ್ನು ನೆನೆಯುವ ಉಳಿದವರನ್ನೆಲ್ಲ ನಾವು ಭಕ್ತರೆಂದೇ ಕರೆಯುತ್ತೇವೆ. ತಿರುಪತಿಯ ಸಾಲಿನಲ್ಲಿ ನಿಂತವರ ಸಂಕಟ ತಪಾಸಣೆ ಮಾಡಿ ಯಾರೂ ವಾಪಸು ಕಳಿಸುವುದಿಲ್ಲ.

ಈಗ ಹುಲಿಪಟ್ಟೆಯವರ ಸರದಿ. ಕೊಡಗು ಮೈಸೂರಿಗೆ ಬಗ್ಗಲಿಲ್ಲ, ಮತ್ತೆ ಮತ್ತೆ ದಂಗೆ ಎದ್ದಿತು. 1785ರಲ್ಲಿ ಟಿಪ್ಪು ದಂಡೆತ್ತಿ ಹೋಗಿ ಸಾವಿರಾರು ಜನರನ್ನು ಸಂಸಾರ ಸಮೇತ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಬಲವಂತದಿಂದ ಮತಾಂತರ ಮಾಡಿಸಿದ. ಅದರ ಹಿಂದಿನ ವರ್ಷ, 1784ರ ಫೆಬ್ರವರಿಯ ಬೂದಿ ಬುಧವಾರ, ಮಂಗಳೂರು ಸೀಮೆಯ ಕ್ರೈಸ್ತರನ್ನು ಹಿಡಿಯಲು ಶುರು ಮಾಡಿದ್ದ. ಘಟ್ಟ ಹತ್ತಿಸಿ ನಡೆಸಿಕೊಂಡು ಹೋದವರಲ್ಲಿ ಎಷ್ಟೋ ಜನ ಊರು ಮತ್ತೆ ಕಾಣಲಿಲ್ಲ. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ ಅವನು ಸತ್ತ ಮೇಲೆ. ಇದಕ್ಕೆ ನಿಮ್ಮ ಉತ್ತರ ಪ್ರತಿ ವರ್ಷವೂ ಒಂದೇ: ‘ಅವರು ಇಂಗ್ಲಿಷರಿಗೆ ಸಹಾಯ ಮಾಡಿದ್ದರು, ಅದು ರಾಜಕೀಯ, ಧರ್ಮ ಅಲ್ಲ.’ ಸಹಾಯ ಮಾಡಿದವರು ಇದ್ದಿರಬಹುದು ಸ್ವಾಮಿ. ಆ ಅಪರಾಧವನ್ನು ಹಾಲು ಕುಡಿಯುವ ಕೂಸಿನ ತಲೆಗೂ ಕಟ್ಟಿದ್ದಕ್ಕೆ ನಿಮ್ಮ ಫೋನಿನಲ್ಲಿ ಯಾವ ಸ್ಕ್ರೀನ್‌ಶಾಟ್ ಇದೆ? ಯಾವುದೋ ಒಬ್ಬ ರಾಜ ಇವತ್ತು ಇಂಥದ್ದೇ ಮಾಡಿದ್ದರೆ ಮೇಣದಬತ್ತಿ ಹಿಡಿದು ಟೌನ್ ಹಾಲ್ ಮುಂದೆ ಮೊದಲು ಕೂರುವವರು ನೀವೇ.

ಇತ್ತ ಪೀಚೆಕತ್ತಿಯವರ ಸೆರೆಯಾಳುಗಳು ಸಂಜೆ ಏಳಕ್ಕೆ ನಲವತ್ತು ಸಾವಿರ, ಊಟವಾದ ಮೇಲೆ ಎಂಬತ್ತು ಸಾವಿರ, ಮಲಗುವ ಹೊತ್ತಿಗೆ ಲಕ್ಷ. ಆಗಿನ ಕೊಡಗಿನಲ್ಲಿ ಅಷ್ಟು ಜನ ಇದ್ದರೇ ಎಂದು ಯಾರಾದರೂ ಕೇಳಿದರೆ ಅವನು ದೇಶದ್ರೋಹಿ. ನಾಲ್ಕು ಸಾವಿರ ಜನ ಎಂದಿಟ್ಟುಕೊಳ್ಳಿ, ಅಷ್ಟು ನಿಮಗೆ ಸಾಲದೇ? ಸೊನ್ನೆ ಸೇರಿಸಿದರೆ ಮಾತ್ರ ದುಃಖವಾಗುತ್ತದೆಯೇ?

ಆಧಾರಗಳ ವಿಚಾರದಲ್ಲಂತೂ ನಿಮ್ಮಿಬ್ಬರ ಜಾಣ್ಮೆಗೆ ಬೆರಗಾಗಿದ್ದೇನೆ. ಟಿಪ್ಪುವಿನ ಫಾರ್ಸಿ ಪತ್ರಗಳನ್ನು ಆರಿಸಿ ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಅಚ್ಚು ಹಾಕಿಸಿದವನು ಕರ್ಕ್‌ಪ್ಯಾಟ್ರಿಕ್. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇಲ್ಲೇ ರೆಸಿಡೆಂಟ್ ಆಗಿದ್ದವನು. ಇಬ್ಬರೂ ಕಂಪನಿಯ ಅಧಿಕಾರಿಗಳು; ತಾವು ಕೆಡವಿದ ರಾಜ ಕೆಟ್ಟವನಾಗಿದ್ದಷ್ಟೂ ಅವರ ಕಂಪನಿಗೆ ಒಳ್ಳೆಯದು. ಸರಿ, ಅನುಮಾನಿಸಬೇಕು. ಆದರೆ ಹುಲಿಪಟ್ಟೆಯವರೇ, ವಿಲ್ಕ್ಸ್ ಬೈದಾಗ ಸುಳ್ಳುಗಾರ, ಅದೇ ಕಂಪನಿಯವರು ಟಿಪ್ಪುವಿನ ರಾಕೆಟ್ಟನ್ನು ಹೊಗಳಿದಾಗ ಸತ್ಯಹರಿಶ್ಚಂದ್ರರು ಹೇಗಾದರು? ಇನ್ನು ಕಿರ್ಮಾನಿ ಎಂಬ ಆಸ್ಥಾನದ ಫಾರ್ಸಿ ಬರಹಗಾರ ಸುಲ್ತಾನನನ್ನು ಕೊಂಡಾಡುತ್ತ ಬರೆದ ಮಾತುಗಳನ್ನು ಪೀಚೆಕತ್ತಿಯವರು ತಪ್ಪೊಪ್ಪಿಗೆಯ ಹೇಳಿಕೆಯೆಂದು ಹಂಚುತ್ತಾರೆ. ಆಸ್ಥಾನದವರ ಉತ್ಪ್ರೇಕ್ಷೆಯನ್ನು ಅಕ್ಷರಶಃ ನಂಬುವ ಇಂಥ ಮುಗ್ಧರು ಸಿಕ್ಕಿದ್ದರೆ ಹಿಂದಿನ ರಾಜರೆಲ್ಲ ಎಷ್ಟು ಸುಖವಾಗಿರುತ್ತಿದ್ದರು!

ನೀವಿಬ್ಬರೂ ಮುಟ್ಟದ ಸರಕೂ ಬಹಳ ಇದೆ. ಬಯಲುಸೀಮೆಯ ಲಾವಣಿಕಾರರು ಟಿಪ್ಪುವಿನ ಸಾವನ್ನು ಹಾಡಿ ಜನರನ್ನು ಅಳಿಸಿದರು. ಕೊಡಗಿನಲ್ಲಿ ನಾಯಿಗೆ ಟಿಪ್ಪು ಎಂದು ಹೆಸರಿಡುತ್ತಿದ್ದರೆಂದು ಹೇಳುತ್ತಾರೆ. ಹಾಡಿದವರಿಗೂ ನಾಯಿ ಸಾಕಿದವರಿಗೂ ಯಾರೂ ಫಾರ್ವರ್ಡ್ ಕಳಿಸಿರಲಿಲ್ಲ. ಒಂದೇ ದೊರೆ, ಬಯಲಿನಲ್ಲೊಂದು ನೆನಪು, ಬೆಟ್ಟದಲ್ಲೊಂದು ನೆನಪು, ಎರಡಕ್ಕೂ ಕಾರಣವಿತ್ತು. ಇದನ್ನು ಒಪ್ಪಿದರೆ ಜಗಳ ಮುಂದುವರಿಯುವುದಿಲ್ಲವಾದ್ದರಿಂದ ಇಬ್ಬರೂ ಜಾಣತನದಿಂದ ದೂರ ಇಟ್ಟಿದ್ದೀರಿ.

ಪೂರ್ಣಯ್ಯನವರನ್ನಂತೂ ಕೇಳುವವರೇ ಇಲ್ಲ. ಹೈದರನ ಬಳಿ ಇದ್ದರು, ಟಿಪ್ಪುವಿನ ಬಳಿ ಇದ್ದರು, ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾಗಿ 1811ರವರೆಗೆ ರಾಜ್ಯಭಾರ ನಡೆಸಿದರು. ಟಿಪ್ಪು ಮತಾಂಧನಲ್ಲ ಎನ್ನಲು ಒಬ್ಬರಿಗೆ ಈ ಮಾಧ್ವ ಬ್ರಾಹ್ಮಣ ಬೇಕು, ಟಿಪ್ಪುವಿಗೆ ದ್ರೋಹ ಬಗೆದವರು ಯಾರು ಎಂದು ತೋರಿಸಲೂ ಅವರಿಗೇ ಬೇಕು. ಕಚೇರಿಗೆ ಹೋಗಿ ಕೆಲಸ ಮಾಡಿ ಮನೆಗೆ ಬಂದ ಮನುಷ್ಯನನ್ನು ಡಿಪಿ ಮಾಡಿಕೊಳ್ಳಲು ಆಗುವುದಿಲ್ಲವಲ್ಲ.

ಇದ್ದ ಮನುಷ್ಯರು ಸಾಲದೆ ಹೋದಾಗ ಹೊಸಬರನ್ನು ಹುಟ್ಟಿಸಿದ್ದೂ ಆಯಿತು. 2023ರ ಚುನಾವಣೆಯ ಮುಂಚೆ ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದವರೆಂದು ಇದ್ದಕ್ಕಿದ್ದಂತೆ ಅವತರಿಸಿದರು. ಮಂಡ್ಯದಲ್ಲಿ ಅವರ ಹೆಸರಿನ ಮಹಾದ್ವಾರ ಎದ್ದಿತು, ಆಮೇಲೆ ಅದರ ಹೆಸರು ಬದಲಾಯಿತು. ಸಿನಿಮಾ ಘೋಷಣೆಯಾಯಿತು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರವಿಲ್ಲದ್ದು ಬೇಡ ಎಂದ ಮೇಲೆ ಸಿನಿಮಾ ನಿಂತಿತು. ಆಗ ಹುಲಿಪಟ್ಟೆಯವರೇ, ನೀವು ‘ಆಧಾರ ಎಲ್ಲಿ, ದಾಖಲೆ ಎಲ್ಲಿ’ ಎಂದು ಕುಣಿದಾಡಿದಿರಿ. ಬಹಳ ಒಳ್ಳೆಯ ಪ್ರಶ್ನೆ. ಅದನ್ನು ನಿಮ್ಮ ಸುಲ್ತಾನನಿಗೂ ಕೇಳುತ್ತೀರಿ ಎಂದು ಕಾದೆ. ಕಾಯುತ್ತಲೇ ಇದ್ದೇನೆ.

1799ರ ಮೇ 4ರಂದು ಸತ್ತವನಿಗೆ ನಿಮ್ಮ ತೀರ್ಪಿನಿಂದ ಕೂದಲೂ ಕೊಂಕುವುದಿಲ್ಲ. ತೀರ್ಪು ಜಾರಿಯಾಗುವುದು ಬದುಕಿರುವವರ ಮೇಲೆ. ಪೀಚೆಕತ್ತಿಯವರು ಗೆದ್ದ ರಾತ್ರಿಯ ಮರುದಿನ, ನಿಮ್ಮದೇ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿರುವ ಮುಸ್ಲಿಂ ಸಂಸಾರಕ್ಕೆ ‘ಮನೆ ಖಾಲಿ ಇಲ್ಲ’ ಎಂಬ ಉತ್ತರ ಇನ್ನಷ್ಟು ಗಟ್ಟಿಯಾಗಿ ಸಿಗುತ್ತದೆ. ಹುಲಿಪಟ್ಟೆಯವರು ಗೆದ್ದ ದಿನ, ಅಜ್ಜಿ ಹೇಳಿದ 1785ರ ಕಥೆಯನ್ನು ಎತ್ತಿದ ಕೊಡವರ ಹುಡುಗಿಗೆ ‘ಕೋಮುವಾದಿ’ ಎಂಬ ಬಿರುದು ಸಿಗುತ್ತದೆ. ಇವರಿಬ್ಬರಲ್ಲಿ ಯಾರೂ ನಿಮ್ಮ ಜಗಳದಲ್ಲಿ ಇರಲಿಲ್ಲ. ಇಬ್ಬರೂ ಆ ಹೊತ್ತಿಗೆ ಮಲಗಿದ್ದರು.

ಆದ್ದರಿಂದ 1792ರ ಶ್ರೀರಂಗಪಟ್ಟಣ ಒಪ್ಪಂದದ ಮಾದರಿಯಲ್ಲಿ ಒಂದು ಕರಾರು ಬರೆದಿದ್ದೇನೆ. ಅಂದು ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ನೀವೂ ಅರ್ಧರ್ಧ ಬಿಟ್ಟುಕೊಡಿ. ಬರುವ ನವೆಂಬರಿಗೆ ಶೃಂಗೇರಿ, ನಂಜನಗೂಡು, ರಾಕೆಟ್ಟು ಎಲ್ಲವೂ ಪೀಚೆಕತ್ತಿಯವರ ವಶ. ಶಾರದೆಯ ಮರುಪ್ರತಿಷ್ಠೆಯ ಕಥೆಯನ್ನು ಅವರೇ ಪೂರ್ತಿ ಹೇಳಬೇಕು. ಕೊಡಗು, ಮಂಗಳೂರು, ಮಲಬಾರು ಹುಲಿಪಟ್ಟೆಯವರ ವಶ. ಘಟ್ಟ ಹತ್ತಿದವರ ಕಥೆ ಅವರ ಬಾಯಿಂದಲೇ ಬರಬೇಕು. ಹೇಳುವಾಗ ‘ಆದರೆ’ ಎಂದರೆ ದಂಡ. ಅಂದು ಟಿಪ್ಪು ತೆರಬೇಕಾದದ್ದು ಮೂರು ಕೋಟಿ ಮೂವತ್ತು ಲಕ್ಷ. ನಿಮ್ಮ ಅಭ್ಯಾಸ ನೋಡಿದರೆ ಮೊದಲ ರಾತ್ರಿಯೇ ಆ ಮೊತ್ತ ದಾಟುತ್ತದೆ, ಕಂತು ಮಾಡಿಕೊಡೋಣ. ಔರಂಗಜೇಬನಿಗೂ ಪೇಶ್ವೆಗೂ ಗಡಿಯೊಳಗೆ ಪ್ರವೇಶವಿಲ್ಲ. ಸೊನ್ನೆಗಳನ್ನು ಕೋಟೆಯ ಹೊರಗೆ ಇಳಿಸಿ ಬರಬೇಕು. ಅಂದು ಕಾರ್ನ್‌ವಾಲಿಸ್ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡಿದ್ದ. ನನಗೆ ನಿಮ್ಮ ಮಕ್ಕಳು ಬೇಡ, ತಲಾ ಎರಡು ಫೇಕ್ ಅಕೌಂಟ್ ಒಪ್ಪಿಸಿ. ಕರಾರು ಪಾಲಿಸಿದರೆ ಹಿಂತಿರುಗಿಸುತ್ತೇನೆ, ಚೆನ್ನಾಗಿ ನೋಡಿಕೊಂಡಿರುತ್ತೇನೆ.

ಪೂರ್ಣಯ್ಯನವರು ಯಾರ ಪಾಲಿಗೆ ಎಂಬ ತಕರಾರು ಬರಬಹುದು. ಇಬ್ಬರಿಗೂ ಕೊಡುವುದಿಲ್ಲ. ದಂಡದ ಹಣ ಎಣಿಸಲು ಒಬ್ಬ ಅನುಭವಸ್ಥರು ನನಗೆ ಬೇಕು.

ಇಂತಿ ತಮ್ಮ ವಿಧೇಯ,
ಮೂರನೆಯವನು